ಸವೆದ ಕಾಂಕ್ರೀಟ್ ಅಂಗಳ: ಕಡಿಮೆ ದುಡ್ಡಿನಲ್ಲಿ ಯಾವ ದಾರಿ?

ಹಂಚಿನ ಮಾಡಿನ ನೀರು ಬೀಳುವಲ್ಲಿ ನಮ್ಮ ಅಂಗಳಕ್ಕೆ ಒಂದು ಗೆರೆ ಬಿದ್ದಿತ್ತು. ಜಗಲಿಯ ಉದ್ದಕ್ಕೂ, ಒಂದು ಗೇಣು ಅಗಲ. ಅಲ್ಲಿ ಸಿಮೆಂಟ್ ಅನ್ನುವುದೇ ಉಳಿದಿರಲಿಲ್ಲ. ಜಲ್ಲಿಯ ತಲೆಗಳು ಮಾತ್ರ ಸಾಲಾಗಿ ಎದ್ದು ನಿಂತಿದ್ದವು. ಬರಿಗಾಲಲ್ಲಿ ಮೆಟ್ಟಿದರೆ ಚುಚ್ಚುತ್ತಿತ್ತು. ಉಳಿದ ಕಡೆಯೂ ಅಷ್ಟೇನೂ ಚಂದ ಇರಲಿಲ್ಲ. ಗುಡಿಸಿದಷ್ಟೂ ಮರಳು. ಅಡಿಕೆ ಒಟ್ಟು ಮಾಡುವಾಗ ಹಿಡಿಸೂಡಿಯ ಜೊತೆ ಅಂಗಳವೂ ಸ್ವಲ್ಪ ಸ್ವಲ್ಪವೇ ಎದ್ದು ಬರುತ್ತಿತ್ತು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ಮನೆ. ಮೊದಲು ಮಣ್ಣಿನ ಅಂಗಳ ಇತ್ತು. ಮಳೆಗಾಲಕ್ಕೆ ಸೋಗೆ ಹಾಸುವುದು, ಮಳೆ ನಿಂತ ಮೇಲೆ ಹುಲ್ಲು ಕೆತ್ತಿ, ಬಡಿದು ಮಟ್ಟ ಮಾಡಿ, ಸೆಗಣಿ ಸಾರಿಸಿ ಅಡಿಕೆಗೆ ತಯಾರು ಮಾಡುವುದು. ಪ್ರತಿ ವರ್ಷ ಇದೇ. ಆಳು ಸಿಗುವುದು ಕಷ್ಟ ಆದಾಗ ಅಪ್ಪ ಕಾಂಕ್ರೀಟ್ ಹಾಕಿಸಿದರು. "ಇನ್ನು ಅಂಗಳದ ಕೆಲಸ ಮುಗಿಯಿತು" ಅಂದಿದ್ದರು. ಮುಗಿಯಲಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಮುಕ್ಕಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಉಳಿದ ತಿಂಗಳು ಬಿಸಿಲು, ಅಡಿಕೆ, ಜೀಪು, ಮಕ್ಕಳ ಸೈಕಲ್. ಯಾವ ಕಾಂಕ್ರೀಟ್ ತಾಳುತ್ತದೆ ಹೇಳಿ?

ನಾನು ಈ ಅಂಗಳವನ್ನು ಎರಡು ಸಲ ಸರಿ ಮಾಡಿಸಿದವನು. ಒಂದು ಸಲ ದುಡ್ಡು ನೀರಿಗೆ ಹಾಕಿದೆ. ಇನ್ನೊಂದು ಸಲ ಪರವಾಗಿಲ್ಲ ಅನ್ನುವಷ್ಟು ಆಯಿತು. ಆ ಲೆಕ್ಕದಲ್ಲಿ, ನಮ್ಮ ಕಡೆ ಸಿಗುವ ದಾರಿಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡುತ್ತೇನೆ. ರೂಪಾಯಿಯಲ್ಲಿ ಹೇಳುವುದಿಲ್ಲ. ಸಿಮೆಂಟಿನ ರೇಟು, ಕೂಲಿ ಎರಡೂ ಊರಿಂದ ಊರಿಗೆ ಬೇರೆ. ಅದರ ಬದಲು 400 ಚದರ ಅಡಿ ಅಂಗಳಕ್ಕೆ ಎಷ್ಟು ಮೂಟೆ ಅಂತ ಹೇಳುತ್ತೇನೆ. ಇಪ್ಪತ್ತಕ್ಕೆ ಇಪ್ಪತ್ತು ಅಡಿ, 50 ಕಿಲೋದ ಮೂಟೆ. ನಿಮ್ಮ ಅಂಗಡಿಯ ರೇಟಿನಿಂದ ಗುಣಿಸಿಕೊಳ್ಳಿ. 2025ರ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಬಿಲ್ ಕೇಳುವಾಗ ಅದು ನೆನಪಿರಲಿ.

ಮೊದಲು ಕುಟ್ಟಿ ನೋಡಿ

ಅಂಗಡಿಗೆ ಹೋಗುವ ಮೊದಲು ಒಂದು ಸುತ್ತಿಗೆ ಹಿಡಿದು ಅಂಗಳಕ್ಕೆ ಇಳಿಯಿರಿ. ರೋಗ ಮೇಲಿದೆಯಾ, ಕೆಳಗಿದೆಯಾ ಅನ್ನುವುದು ಮೊದಲು ಗೊತ್ತಾಗಬೇಕು. ಮೇಲಿನ ರೋಗಕ್ಕೆ ತೆಳು ಪದರ ಸಾಕು. ಕೆಳಗಿನ ರೋಗಕ್ಕೆ ತೆಳು ಪದರ ಹಾಕಿದರೆ ಅಂಗಳಕ್ಕೆ ಪೌಡರ್ ಹಚ್ಚಿದ ಹಾಗೆ.

ಎರಡೆರಡು ಅಡಿಗೆ ಒಂದೊಂದು ಸಲ ಕುಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಟೊಳ್ಳು ಜಾಗದಲ್ಲಿ ಒಡೆದ ಮಡಕೆಯ ಸದ್ದು. ಅಂಥ ಕಡೆ ಸೀಮೆಸುಣ್ಣದಲ್ಲಿ ವೃತ್ತ ಹಾಕಿ. ಆಮೇಲೆ ಬಿರುಕುಗಳ ಮೇಲೆ ಬೆರಳು ಎಳೆಯಿರಿ. ಎರಡೂ ದಡ ಒಂದೇ ಮಟ್ಟ ಇದ್ದರೆ ಅದು ಒಣಗುವಾಗ ಆದ ಬಿರುಕು, ಹೆದರಬೇಡಿ. ಒಂದು ದಡ ಕೆಳಗೆ ಇಳಿದಿದ್ದರೆ ಅಡಿಯ ಮಣ್ಣು ಕುಸಿದಿದೆ. ನಮ್ಮ ಕಡೆ ಇದಕ್ಕೆ ಎರಡು ದೊಡ್ಡ ಕಾರಣ: ಒಂದು ಹೆಗ್ಗಣ, ಇನ್ನೊಂದು ಅಂಗಳದ ಅಂಚಿನಿಂದ ಒಳಗೆ ನುಗ್ಗುವ ಮಳೆನೀರು. ಹೆಗ್ಗಣದ ಬಿಲ ತೋಟದ ಬದಿಯಲ್ಲಿ ಬಾಯಿ ತೆರೆದಿದ್ದರೆ ಅದು ಅಂಗಳದ ನಡುವಿನವರೆಗೂ ಹೋಗಿರಬಹುದು.

ಇನ್ನೊಂದು, ಮೊಳೆಯಿಂದ ಗೀರಿ. ಬಿಳಿ ಗೀರು ಮಾತ್ರ ಬಿದ್ದರೆ ಮೈ ಗಟ್ಟಿ ಇದೆ. ಮರಳು ಎದ್ದು ಸಾಲು ಬಿದ್ದರೆ ಆ ಮೈಯನ್ನು ತೆಗೆಯದೆ ಮೇಲೆ ಏನೂ ಹಿಡಿಯುವುದಿಲ್ಲ. ಕೊನೆಗೆ ನಾಲ್ಕು ಬಕೆಟ್ ನೀರು ಚೆಲ್ಲಿ, ಅರ್ಧ ಗಂಟೆ ಬಿಟ್ಟು ಬನ್ನಿ. ಎಲ್ಲಿ ನೀರು ನಿಂತಿದೆಯೋ ಅಲ್ಲೇ ನಿಮ್ಮ ಪಾಚಿ ಹುಟ್ಟುವುದು, ಅಲ್ಲೇ ಮುಂದಿನ ಮಳೆಗಾಲಕ್ಕೆ ಯಾರಾದರೂ ಜಾರಿ ಬೀಳುವುದು.

ನಮ್ಮಲ್ಲಿ ಕುಟ್ಟಿದಾಗ ಗೊತ್ತಾದದ್ದು ಇಷ್ಟು: ಹೆಚ್ಚಿನ ಭಾಗ ಗಟ್ಟಿ, ಮೇಲ್ಮೈ ಮಾತ್ರ ಸವೆದದ್ದು. ದನದ ಹಟ್ಟಿಯ ಕಡೆಯ ಮೂಲೆ ಮಾತ್ರ ಅಡಿಯಿಂದಲೇ ಹೋಗಿತ್ತು. ಅಂದರೆ ಇಡೀ ಅಂಗಳಕ್ಕೆ ಒಂದೇ ಔಷಧ ಬೇಕಾಗಿಯೇ ಇರಲಿಲ್ಲ. ಈ ಮಾತು ಮೊದಲೇ ತಿಳಿದಿದ್ದರೆ ನಾನು ಆ ಅರ್ಧ ಇಂಚಿನ ಕಥೆಗೆ ಹೋಗುತ್ತಿರಲಿಲ್ಲ.

ಅರ್ಧ ಇಂಚಿನ ಸಾರಣೆ: ಎಲ್ಲರೂ ಮಾಡುವುದು, ಯಾರೂ ಮಾಡಬಾರದ್ದು

ಲೆಕ್ಕಕ್ಕೆ ಇದು ಬಹಳ ಅಗ್ಗ. ಒಂದಕ್ಕೆ ನಾಲ್ಕರ ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), ಅರ್ಧ ಇಂಚು ದಪ್ಪ, 400 ಚದರ ಅಡಿಗೆ ನಾಲ್ಕು ಮೂಟೆ ಸಾಕು. "ಅಣ್ಣಾ, ನೀರು ಹಾಕಿ ತೊಳೆದು ಎಳೆದು ಕೊಡ್ತೇನೆ, ಹತ್ತು ವರ್ಷ ಆ ಕಡೆ ನೋಡುವುದೇ ಬೇಡ" ಅಂದರು ಮೇಸ್ತ್ರಿ. ಮೇ ತಿಂಗಳ ಕೊನೆ. ಮಳೆ ಬರುವ ಮೊದಲು ಮುಗಿಸುವ ಅವಸರ. ಒಂದೇ ದಿನದಲ್ಲಿ ಆಯಿತು. ಕೊನೆಗೆ ಪುಡಿ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಉಜ್ಜಿದಾಗ ಕನ್ನಡಿಯ ಹಾಗೆ ಹೊಳೆಯಿತು. ಊರಿನವರೆಲ್ಲ ನೋಡಿ ಹೊಗಳಿದರು.

ಎರಡನೇ ಮಳೆಗಾಲ ಕಳೆದು ಅಡಿಕೆ ಹರಡುವ ಹೊತ್ತಿಗೆ ಕಾಲಡಿಯಲ್ಲಿ ಕರಕರ ಸದ್ದು. ಒಂದು ಚೂರು ಎತ್ತಿದೆ. ಹಪ್ಪಳದ ಹಾಗೆ ಇಡಿಯಾಗಿ ಬಂತು, ಅಂಗೈಯಷ್ಟು ಅಗಲ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಕಪ್ಪು-ಹಸಿರು ಪದರ, ಒಣಗಿದ ಪಾಚಿ. ಹಳೆಯ ಅಂಗಳದ ಪಾಚಿ. ಅದರ ಜೊತೆ ಅಲ್ಲಲ್ಲಿ ಹಳದಿ ಕಂದು ಬಣ್ಣದ ಏನೋ ಒಂದು. ಅಮ್ಮ ಮೂಸಿ ನೋಡಿ ನಕ್ಕರು, "ಇದು ನಾನು ದೀಪಾವಳಿಗೆ ಸಾರಿಸಿದ ಸೆಗಣಿ" ಅಂತ. ನಮ್ಮಲ್ಲಿ ಕಾಂಕ್ರೀಟ್ ಆದ ಮೇಲೂ ತುಳಸಿಕಟ್ಟೆಯ ಸುತ್ತ ಸೆಗಣಿ ಸಾರಿಸುವುದು ನಿಂತಿಲ್ಲ.

ಹೊಸ ಗಾರೆ ಹಿಡಿದದ್ದು ಕಾಂಕ್ರೀಟಿಗಲ್ಲ, ಪಾಚಿಗೆ ಮತ್ತು ಸೆಗಣಿಗೆ. ಅದೊಂದೇ ತಪ್ಪೂ ಅಲ್ಲ. ಹೊಸ ಗಾರೆ ಒಣಗುವಾಗ ಕುಗ್ಗುತ್ತದೆ. ಹಳೆಯ ಕಾಂಕ್ರೀಟ್ ಕುಗ್ಗಿ ಮುಗಿದು ಎಷ್ಟೋ ವರ್ಷ ಆಗಿದೆ, ಅದು ಕದಲುವುದಿಲ್ಲ. ಅಂಟು ಸರಿ ಇಲ್ಲದಿದ್ದರೆ ತೆಳು ಪದರ ಅಂಚಿನಿಂದ ಮೇಲೆ ಬಾಗುತ್ತದೆ. ಆ ಸಂದಿಗೆ ಮಳೆನೀರು ಇಳಿಯಿತು ಅಂದರೆ ಮುಗಿಯಿತು. ಇನ್ನು ಮೇಲೆ ಉದುರಿಸಿದ ಪುಡಿ ಸಿಮೆಂಟ್: ಅದು ನೀರನ್ನು ಹೀರಿ ಮೇಲೆ ಬೇರೆಯೇ ಒಂದು ಪೊರೆ ಆಗುತ್ತದೆ, ಜೇಡನ ಬಲೆಯ ಹಾಗೆ ಸಣ್ಣ ಬಿರುಕು ಬಿಡುತ್ತದೆ. ಆ ಹೊಳಪು ಒಳ್ಳೆಯ ಲಕ್ಷಣ ಅಲ್ಲವೇ ಅಲ್ಲ.

ಮೇಸ್ತ್ರಿಯನ್ನು ಬೈದು ಏನು ಮಾಡುವುದು? ಅವರಿಗೆ ಗೋಡೆಗೆ ಸಾರಣೆ ಮಾಡಿ ಅಭ್ಯಾಸ. ಗೋಡೆಯ ಮೇಲೆ ಯಾರೂ ಅಡಿಕೆ ಒಣಗಿಸುವುದಿಲ್ಲ.

ಲೇಟೆಕ್ಸ್ ಬೆರೆಸಿದ ತೆಳು ಪದರ

ಗಟ್ಟಿ ಇರುವ, ಮೈ ಮಾತ್ರ ಸವೆದ ಅಂಗಳಕ್ಕೆ ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಗಾರೆಯ ನೀರಿಗೆ ಎಸ್‌ಬಿಆರ್ ಅನ್ನುವ ಕೃತಕ ರಬ್ಬರಿನ ಲೇಟೆಕ್ಸ್ ಬೆರೆಸುತ್ತಾರೆ. ಹಾಲಿನ ಹಾಗೆ ಬೆಳ್ಳಗಿರುವ ದ್ರವ, ಡಬ್ಬದಲ್ಲಿ ಬರುತ್ತದೆ. ಡಾ. ಫಿಕ್ಸಿಟ್, ಫೋಸ್ರಾಕ್ ಮುಂತಾದ ಹಲವು ಬ್ರ್ಯಾಂಡಿನದ್ದು ಸಿಗುತ್ತದೆ. ಅದು ಅಂಟನ್ನು ಹೆಚ್ಚಿಸುತ್ತದೆ, ನೀರು ಒಳಗೆ ಇಳಿಯುವುದನ್ನು ಕಡಿಮೆ ಮಾಡುತ್ತದೆ. ಕಾಲು ಇಂಚಿನಷ್ಟು ತೆಳು ಪದರವೂ ನಿಲ್ಲುವುದು ಇದರ ಬಲದಿಂದ.

ಅಂಗಡಿಯವರು ಅದೇ ಬಣ್ಣದ, ಇನ್ನೂ ಅಗ್ಗದ ಬಿಳಿ ಅಂಟು ಕೊಡಲು ನೋಡಬಹುದು. ಅದು ಪಿವಿಎ. ಮನೆಯೊಳಗಿನ ಕೆಲಸಕ್ಕೆ ಆದೀತು. ಹೊರಗೆ ಬೇಡ. ನೀರು ತಾಗಿದರೆ ಪಿವಿಎ ಮತ್ತೆ ಮೆತ್ತಗಾಗುತ್ತದೆ. ನಮ್ಮ ಮಳೆಯಲ್ಲಿ ಅದರ ಗತಿ ಏನು ಅಂತ ಹೇಳಬೇಕಾಗಿಲ್ಲ. ಡಬ್ಬದ ಮೇಲೆ ಎಸ್‌ಬಿಆರ್ ಅಥವಾ ಅಕ್ರಿಲಿಕ್ ಅಂತ ಬರೆದಿದೆಯಾ ಅಂತ ಓದಿಯೇ ತನ್ನಿ.

ಮೂಟೆ ಲೆಕ್ಕ: ಒಂದಕ್ಕೆ ಮೂರರ ಗಾರೆ, 8 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಂಡರೆ ಮೂರು ಮೂಟೆ ಸಿಮೆಂಟ್, ಹತ್ತು ಹನ್ನೊಂದು ಘನ ಅಡಿ ಮರಳು. ಗಾರೆಯ ಕೆಳಗೆ ಹಚ್ಚುವ ಲೇಟೆಕ್ಸ್-ಸಿಮೆಂಟಿನ ಅಂಟುಗಂಜಿಗೆ ಇನ್ನೊಂದು ಮೂಟೆ ಇರಲಿ. ಲೇಟೆಕ್ಸ್ ಒಂದು ಮೂಟೆಗೆ ಸಾಮಾನ್ಯವಾಗಿ 5ರಿಂದ 10 ಲೀಟರ್, ನಿಮ್ಮ ಡಬ್ಬದಲ್ಲಿ ಏನು ಬರೆದಿದೆಯೋ ಅದೇ ಅಂತಿಮ. ಅಂದರೆ ಸಿಮೆಂಟಿನ ಖರ್ಚು ಆ ಹಾಳು ಸಾರಣೆಯಷ್ಟೇ. ಜಾಸ್ತಿ ಆಗುವುದು ಲೇಟೆಕ್ಸಿಗೆ ಮತ್ತು ಅಂಗಳ ತಯಾರು ಮಾಡುವ ಕೂಲಿಗೆ. ರೆಡಿಮೇಡ್ ಪುಡಿಯ ಚೀಲಗಳೂ ಬರುತ್ತವೆ, ನೀರು ಬೆರೆಸಿದರೆ ಸಾಕು. ಆದರೆ 3 ಮಿಲಿಮೀಟರ್ ಎಳೆಯಲೂ ಇಷ್ಟು ಅಂಗಳಕ್ಕೆ 25 ಕಿಲೋದ ಒಂಬತ್ತು ಚೀಲ ಹತ್ತಿರ ಬೇಕು. ಸಣ್ಣ ಬಜೆಟ್ಟಿಗೆ ಭಾರ. ಮೆಟ್ಟಿಲು, ಬಚ್ಚಲಿನ ಎದುರು, ಇಂಥ ಸಣ್ಣ ಜಾಗಕ್ಕೆ ಸರಿ.

ಮರಳಿನ ಬಗ್ಗೆ ಒಂದು ಮಾತು. ಗೋಡೆ ಸಾರಣೆಗೆ ತರುವ ನುಣುಪಾದ ಪಿ-ಸ್ಯಾಂಡ್ ಇಲ್ಲಿಗೆ ಬೇಡ. ತೊಳೆದ ಎಂ-ಸ್ಯಾಂಡನ್ನು (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಜರಡಿ ಹಿಡಿದು ದೊಡ್ಡ ಕಲ್ಲು ತೆಗೆದು ಬಳಸಿ. ಪುಡಿ ಜಾಸ್ತಿ ಆದರೆ ನೀರು ಜಾಸ್ತಿ ಕೇಳುತ್ತದೆ, ನೀರು ಜಾಸ್ತಿ ಆದರೆ ಬಿರುಕು.

ಈಗ ತಯಾರಿ. ಮುಕ್ಕಾಲು ಕೆಲಸ ಇದೇ. ಟೊಳ್ಳು ಸದ್ದು ಬಂದ ಜಾಗವನ್ನೆಲ್ಲ ಉಳಿಯಲ್ಲಿ ಕೆತ್ತಿ ತೆಗೆಯಿರಿ, ದಯೆ ಬೇಡ. ಪಾಚಿಗೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ತಂತಿಯ ಬ್ರಶ್ಶಿನಲ್ಲಿ ತಿಕ್ಕಿ. ಸೆಗಣಿ, ಎಣ್ಣೆ, ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದಿನ ನೀಲಿ ಹೊಪ್ಪಳೆ, ಎಲ್ಲ ಹೋಗಬೇಕು. ಮದ್ದು ಕಲಸುವ ಡ್ರಮ್ ಇಟ್ಟ ಮೂಲೆಯಲ್ಲಿ ಸುಣ್ಣ-ಮೈಲುತುತ್ತು ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಉಳಿಯಿಂದಲೇ ಎಬ್ಬಿಸಬೇಕು. ಬಾಡಿಗೆಗೆ ಪ್ರೆಶರ್ ವಾಷರ್ ಸಿಕ್ಕಿದರೆ ಒಂದು ದಿನಕ್ಕೆ ತನ್ನಿ, ಆ ದುಡ್ಡು ವಸೂಲಿ ಆಗುತ್ತದೆ.

ಆಸಿಡ್ ಹಾಕಿ ಅಂತ ಹೇಳುವವರು ಸಿಗುತ್ತಾರೆ. ನಾನು ಹಾಕಲಿಲ್ಲ. ನಮ್ಮ ಕಡೆ ಬಾವಿ ಅಂಗಳದ ಬದಿಯಲ್ಲೇ ಇರುತ್ತದೆ, ಕೆಲವರಿಗೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ಜರಡಿಯ ಹಾಗೆ, ಮೇಲೆ ಚೆಲ್ಲಿದ್ದು ಕೆಳಗೆ ಇಳಿಯುತ್ತದೆ. ಹಾಕಲೇಬೇಕು ಅಂದರೆ ಹತ್ತು ಪಾಲು ನೀರಿಗೆ ಒಂದು ಪಾಲು ಆಸಿಡ್ ಸುರಿಯಿರಿ, ಆಸಿಡ್ಡಿಗೆ ನೀರು ಸುರಿಯಬೇಡಿ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕಂತೂ ಆಸಿಡ್ ತಾಗಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಉಸಿರು ಕಟ್ಟಿಸುವ ವಿಷ.

ಹಾಕುವ ದಿನ ಅಂಗಳ ಒದ್ದೆ ಇರಬೇಕು, ನೀರು ನಿಂತಿರಬಾರದು. ಹಿಂದಿನ ದಿನ ಸಂಜೆ ಚೆನ್ನಾಗಿ ನೆನೆಸಿ, ಬೆಳಿಗ್ಗೆ ನಿಂತ ನೀರನ್ನು ಬಟ್ಟೆಯಲ್ಲಿ ಒರೆಸಿ. ಆಮೇಲೆ ಲೇಟೆಕ್ಸ್-ಸಿಮೆಂಟಿನ ಗಂಜಿಯನ್ನು ಬ್ರಶ್ಶಿನಲ್ಲಿ ತಿಕ್ಕಿ ಹಚ್ಚುತ್ತಾ, ಅದು ಹಸಿ ಇರುವಾಗಲೇ ಗಾರೆ ಹಾಕುತ್ತಾ ಹೋಗಬೇಕು. ಇಲ್ಲಿ ಕೆಲಸದವರ ಜೊತೆ ಜಗಳ ಆಗುವುದು ಖಂಡಿತ. ಇಡೀ ಅಂಗಳಕ್ಕೆ ಗಂಜಿ ಹಚ್ಚಿ, ಚಾ ಕುಡಿದು ಬಂದು ಗಾರೆ ಹಾಕುವುದು ಅವರಿಗೆ ಸುಲಭ. ಆದರೆ ಒಣಗಿದ ಗಂಜಿ ಅಂಟಿಸುವುದಿಲ್ಲ, ಬಿಡಿಸುತ್ತದೆ. ಏನೂ ಹಚ್ಚದಿದ್ದರೂ ಅದಕ್ಕಿಂತ ಮೇಲು. ನಾನು ಒಂದು ಮಂಚದಷ್ಟು ಜಾಗಕ್ಕೆ ಗಂಜಿ, ಅದಕ್ಕೆ ಗಾರೆ, ಮತ್ತೆ ಮುಂದಿನ ಮಂಚ ಅಂತ ಲೆಕ್ಕ ಹಾಕಿ ಪಕ್ಕದಲ್ಲೇ ನಿಂತೆ.

ಮೇಲೆ ಮರದ ಹಲಗೆಯಲ್ಲಿ ಉಜ್ಜಿ ಬಿಟ್ಟರೆ ಸಾಕು. ಕಾಲಿಗೆ ಹಿಡಿತ ಇರುತ್ತದೆ, ಅಡಿಕೆ ಗುಡಿಸಲೂ ಆಗುತ್ತದೆ. ನಡೆಯುವ ದಾರಿಗೆ ಮಾತ್ರ ಹಿಡಿಸೂಡಿಯಲ್ಲಿ ಹಗುರಕ್ಕೆ ಗೀರು ಎಳೆದೆವು, ಅಮ್ಮ ಮಳೆಗಾಲದಲ್ಲಿ ಹೂ ಕೊಯ್ಯಲು ಹೋಗುವ ದಾರಿ ಅದು.

ಎರಡು ಇಂಚಿನ ಕಾಂಕ್ರೀಟ್

ಜಲ್ಲಿ ಎದ್ದು ಗುಂಡಿ ಬಿದ್ದಿದ್ದರೆ, ನೀರಿನ ಇಳಿಜಾರು ತಪ್ಪಿದ್ದರೆ, ಪಿಕ್‌ಅಪ್ ಒಳಗೆ ಬರುವುದಿದ್ದರೆ ತೆಳು ಪದರ ಸಾಲದು. ಹಳೆಯದರ ಮೇಲೆ ಎರಡು ಇಂಚು ಹೊಸ ಕಾಂಕ್ರೀಟ್ ಹಾಕಿಸಿ. ನಮ್ಮ ಕಡೆಯ ಕೆಲಸದವರು ಮಲಯಾಳದಿಂದ ಬಂದ ಮಾತಿನಲ್ಲಿ ಪರುಕ್ಕನ್ ಅನ್ನುತ್ತಾರೆ, ಆದರೆ ಅದರಲ್ಲಿ ಒಂದು ಇಂಚಿನ ಗಾರೆಯೂ ಬರುತ್ತದೆ, ಎರಡು ಇಂಚಿನ ಜಲ್ಲಿ ಕಾಂಕ್ರೀಟೂ ಬರುತ್ತದೆ. ಯಾವುದು ಅಂತ ಮೊದಲೇ ಕೇಳಿಕೊಳ್ಳಿ.

ಒಂದು, ಒಂದೂವರೆ, ಮೂರರ ಪ್ರಮಾಣದಲ್ಲಿ 400 ಚದರ ಅಡಿಗೆ 15 ಮೂಟೆ ಸಿಮೆಂಟ್, 28 ಘನ ಅಡಿ ಎಂ-ಸ್ಯಾಂಡ್, 55 ಘನ ಅಡಿ ಜಲ್ಲಿ. ಜಲ್ಲಿ 12 ಮಿಲಿಮೀಟರಿನದ್ದು ಅಥವಾ ಅದಕ್ಕಿಂತ ಸಣ್ಣದು. ದೊಡ್ಡ ಜಲ್ಲಿ ಎರಡು ಇಂಚಿನಲ್ಲಿ ಕೂರುವುದಿಲ್ಲ. ತಯಾರಿ ಎಲ್ಲ ಮೇಲೆ ಹೇಳಿದ್ದೇ. ಹಳೆಯ ಮೈಯನ್ನು ಕೆತ್ತಿ ಒರಟು ಮಾಡುವುದು, ಹಸಿ ಗಂಜಿ, ಎಲ್ಲ ಬೇಕು.

ಹಳೆಯ ಅಂಗಳದಲ್ಲಿ ಬಿರುಕು ಇದ್ದರೆ ಅದು ಹೊಸದರ ಮೇಲೂ ಅದೇ ದಾರಿಯಲ್ಲಿ ಬರುತ್ತದೆ. ತಡೆಯಲು ಆಗುವುದಿಲ್ಲ. ಜಾಣತನ ಏನೆಂದರೆ ಅದೇ ಗೆರೆಯ ಮೇಲೆ ನೀವೇ ಒಂದು ಸಂದು ಬಿಡುವುದು. ಉಳಿದ ಕಡೆ ಐದಾರು ಅಡಿಗೊಂದು ಸಂದು. ಚೌಕಾಬಾರದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಹಾಕಿಸಿದರೆ ಸಂದು ತಾನಾಗಿಯೇ ಬರುತ್ತದೆ. "ಸುಮ್ನೆ ಕೋಳಿಬಲೆ ಹಾಸಿ, ಬಿರುಕು ಬಿಡುವುದೇ ಇಲ್ಲ" ಅಂತ ನನ್ನ ಭಾವ ಹೇಳಿದ್ದರು. ಅವರ ಮನೆ ಕುಂಬಳೆಯಲ್ಲಿ, ಕಡಲ ಗಾಳಿ ಬೀಸುವ ಜಾಗ. ತೆಳು ಕಾಂಕ್ರೀಟಿನಲ್ಲಿ ಬಲೆ ಮೇಲೇ ಇರುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಎತ್ತುತ್ತದೆ. ಅವರ ಅಂಗಳದಲ್ಲಿ ಈಗ ಬಲೆಯ ಚಿತ್ರ ಕೆಂಪು ಬಣ್ಣದಲ್ಲಿ ಮೂಡಿದೆ. ಭಾವ ಈಗ ಆ ವಿಷಯ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಹತ್ತು ಅಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಇರಲಿ. ಮಟ್ಟಗೋಲು ಇಟ್ಟು ನೀವೇ ನೋಡಿ. ಜಗಲಿಯ ಮೆಟ್ಟಿಲು, ಗೇಟು, ತುಳಸಿಕಟ್ಟೆಯ ಬುಡ, ನೀರು ಹೋಗುವ ಕಣಿ, ಎಲ್ಲವೂ ಎರಡು ಇಂಚು ಮೇಲೆ ಬಂದ ಅಂಗಳಕ್ಕೆ ಹೊಂದುತ್ತದೆಯಾ ಅಂತ ಮೊದಲೇ ಅಳೆಯಿರಿ. ಗೇಟು ತೆರೆಯದೆ ಕೆಳಗೆ ಕತ್ತರಿಸಿದವರನ್ನು ನೋಡಿದ್ದೇನೆ.

ಅಡಿ ಕುಸಿದ ಜಾಗಕ್ಕೆ ಇದೂ ಆಗುವುದಿಲ್ಲ. ಅಲ್ಲಿ ಒಡೆಯಲೇಬೇಕು. ಆದರೆ ಕುಸಿದಷ್ಟೇ ಜಾಗ ಒಡೆಯಿರಿ. ಬಿಲಕ್ಕೆ ಕಲ್ಲು ತುಂಬಿ, ಮಣ್ಣು ಹಾಕಿ ನೀರು ಬಿಟ್ಟು ಬಡಿದು, ನಾಲ್ಕು ಇಂಚು ಹೊಸದಾಗಿ ಹಾಕಿ. ಇಡೀ ಅಂಗಳವನ್ನು ನಾಲ್ಕು ಇಂಚಿಗೆ ಹೊಸದು ಮಾಡಲು 30 ಮೂಟೆ ಬೇಕು. ಒಡೆದ ರಾಶಿ ಸಾಗಿಸುವ ಕೂಲಿ ಬೇರೆ. ಹತ್ತಕ್ಕೆ ಹತ್ತು ಅಡಿಯ ಒಂದು ಮೂಲೆಗಾದರೆ ಏಳೆಂಟು ಮೂಟೆಯಲ್ಲಿ ಮುಗಿಯುತ್ತದೆ.

ಇಂಟರ್‌ಲಾಕ್, ಟೈಲ್ಸ್, ಕಲ್ಲು

ಈಗ ಎಲ್ಲಿ ನೋಡಿದರೂ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಹೊಂದಿಸಿ ಹಾಸುವ ಸಿಮೆಂಟ್ ಕಲ್ಲು. ಚಂದ ಕಾಣುತ್ತದೆ, ಹಾಕಿದ ದಿನವೇ ನಡೆಯಬಹುದು, ಒಂದು ಕಲ್ಲು ಒಡೆದರೆ ಅದನ್ನಷ್ಟೇ ಬದಲಿಸಬಹುದು, ಅಡಿಯಲ್ಲಿ ಪೈಪ್ ಹಾಳಾದರೆ ಕಿತ್ತು ಮತ್ತೆ ಜೋಡಿಸಬಹುದು. ಇದೆಲ್ಲ ನಿಜ. ಅಡಿಕೆ ಒಣಗಿಸದ ಮನೆಗೆ, ಪೇಟೆಯ ಬದಿಯವರಿಗೆ, ದುಡ್ಡು ಹೊಂದುವುದಾದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಕಲ್ಲು 60 ಮಿಲಿಮೀಟರ್, ಅಡಿಯ ಮರಳು ಇನ್ನೊಂದು ಇಂಚು. ಅಂಗಳ ಮೂರೂವರೆ ಇಂಚು ಮೇಲೆ ಬರುತ್ತದೆ. ಹಳೆಯ ಕಾಂಕ್ರೀಟಿನ ಮೇಲೇ ಹಾಸಿದರೆ ಸಂದಿನಿಂದ ಇಳಿದ ನೀರು ಅಲ್ಲೇ ನಿಲ್ಲುತ್ತದೆ, ಅದಕ್ಕೆ ಕೆಳಗೆ ತೂತು ಕೊರೆದು ದಾರಿ ಮಾಡಬೇಕು. ಸಂದಿನಲ್ಲಿ ಹುಲ್ಲು ಬರುತ್ತದೆ. ಅಡಿಕೆ ಹರಡಿದರೆ ಸಂದಿನ ಮರಳು ಅಡಿಕೆಗೆ, ಅಡಿಕೆಯ ಸಿಪ್ಪೆಯ ಪುಡಿ ಸಂದಿಗೆ.

ಟೈಲ್ಸಿನಲ್ಲಿ ಮನೆಯೊಳಗಿನ ನಯದ್ದು ಹೊರಗೆ ಬೇಡವೇ ಬೇಡ. ಪಾರ್ಕಿಂಗ್ ಟೈಲ್ಸ್ ಅಂತ ಒರಟು ಮೈಯದ್ದು ಬರುತ್ತದೆ, ಅದು ಆಗಬಹುದು. ಆದರೆ ಅಡಿಯ ಕಾಂಕ್ರೀಟ್ ಬಿರುಕು ಬಿಟ್ಟಿದ್ದರೆ ಟೈಲ್ಸೂ ಅದೇ ಗೆರೆಯಲ್ಲಿ ಒಡೆಯುತ್ತದೆ. ಕಡಪ ಕಲ್ಲು ಗಟ್ಟಿ, ಆದರೆ ಕಪ್ಪು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ಅಡಿಕೆ ಮಗುಚುವವರು ಯಾರು? ಮೂರಕ್ಕೂ ಸಾಮಾನು ಮತ್ತು ಕೂಲಿ ಸೇರಿ ಎರಡು ಇಂಚಿನ ಕಾಂಕ್ರೀಟಿಗಿಂತ ಮೇಲೆಯೇ ಹೋಗುತ್ತದೆ.

ಬಣ್ಣ

ಬಣ್ಣ ಸವೆತಕ್ಕೆ ಔಷಧ ಅಲ್ಲ. ಅಡಿಯಿಂದ ತೇವ ಏರುವ ಅಂಗಳದಲ್ಲಿ ಅದು ಒಂದು ಮಳೆಗಾಲಕ್ಕೇ ಚಕ್ಕೆ ಚಕ್ಕೆ ಏಳುತ್ತದೆ. ನೋಡಬೇಕಿದ್ದರೆ ಒಂದು ಮೊಳ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಒಳಗೆ ನೀರಿನ ಹನಿ ಕೂತಿದ್ದರೆ ಬಣ್ಣದ ಮಾತು ಬಿಡಿ. ಎಪಾಕ್ಸಿ ಬಣ್ಣ ಬಿಸಿಲಿಗೆ ಹಳದಿಯಾಗಿ ಪುಡಿ ಏಳುತ್ತದೆ. ಮತ್ತೆ, ಬಾಯಿಗೆ ಹೋಗುವ ಅಡಿಕೆಯನ್ನು ಬಣ್ಣದ ಚಕ್ಕೆಯ ಮೇಲೆ ಒಣಗಿಸುವುದು ನನಗಂತೂ ಮನಸ್ಸು ಒಪ್ಪುವುದಿಲ್ಲ.

ಏನೂ ಮಾಡದೆ ಇರುವುದು

ಇದೂ ಒಂದು ದಾರಿಯೇ. ನಗಬೇಡಿ. ಅಂಗಳ ಗಟ್ಟಿ ಇದೆ, ಮರಳು ಏಳುವುದು ಮಾತ್ರ ತೊಂದರೆ ಅಂದರೆ ಒಂದು ದಪ್ಪ ಟರ್ಪಾಲು ಹಾಸಿ ಅಡಿಕೆ ಹರಡಿ. ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಒಣಗಲು 40-45 ದಿನದ ಬಿಸಿಲು ಬೇಕು, ಅಕಾಲ ಮಳೆ ಬಂದರೆ ನಾಲ್ಕು ಮೂಲೆ ಎತ್ತಿ ಮಡಚಿ ಮುಚ್ಚಲೂ ಆಗುತ್ತದೆ. ತೊಂದರೆ ಏನೆಂದರೆ ಹಸಿ ಅಡಿಕೆಯ ನೀರು ಪ್ಲಾಸ್ಟಿಕ್ಕಿನ ಮೇಲೆ ಉಳಿಯುತ್ತದೆ. ಮೊದಲ ದಿನಗಳಲ್ಲಿ ತೆಳುವಾಗಿ ಹರಡಿ ಹೆಚ್ಚು ಸಲ ಮಗುಚಬೇಕು. ಬಿರುಕುಗಳಿಗೆ ಮಾತ್ರ ಲೇಟೆಕ್ಸ್ ಗಾರೆ ತುಂಬಿ, ಗುಂಡಿಗಳಿಗೆ ತೇಪೆ ಹಾಕಿದರೆ ಒಂದೇ ಮೂಟೆಯಲ್ಲಿ ಎರಡು ಮೂರು ವರ್ಷ ತಳ್ಳಬಹುದು. ತೇಪೆಯ ಅಂಚನ್ನು ಮಾತ್ರ ತೆಳ್ಳಗೆ ಎಳೆಯಬೇಡಿ. ಗುಂಡಿಯ ಸುತ್ತ ಉಳಿಯಲ್ಲಿ ನೇರ ಗೋಡೆಯ ಹಾಗೆ ಕಡಿದು, ಅರ್ಧ ಇಂಚಾದರೂ ಆಳ ಮಾಡಿ ತುಂಬಿ. ತೆಳು ಅಂಚು ಮೊದಲ ವರ್ಷವೇ ಏಳುತ್ತದೆ.

ಯಾವಾಗ?

ಮೇ ತಿಂಗಳಲ್ಲಿ ಬೇಡ. ಬಿಸಿಲಿಗೆ ಗಾರೆ ಕೈಯಲ್ಲೇ ಒಣಗುತ್ತದೆ, ಅದು ಗಟ್ಟಿಯಾಗುವ ಮೊದಲೇ ಮಳೆಯೂ ಬಂದು ಕೂರುತ್ತದೆ. ನವರಾತ್ರಿ ಕಳೆದು, ಮೊದಲ ಕೊಯ್ಲಿನ ಅಡಿಕೆ ಬರುವ ಮೊದಲಿನ ಸಮಯ ನನಗೆ ಸರಿ ಕಂಡದ್ದು. ಆಗ ಸಂಜೆ ಗುಡುಗು ಮಳೆ ಬರುತ್ತದೆ, ನಿಜ. ಬೆಳಿಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನಕ್ಕೆ ಮುಗಿಸಿ, ಟರ್ಪಾಲು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ನೀರು ಹಾಕಿ ಹದ ಮಾಡುವುದರಲ್ಲಿ ಒಂದು ವ್ಯತ್ಯಾಸ ಇದೆ, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಸಾದಾ ಕಾಂಕ್ರೀಟಿಗೆ ಎಷ್ಟು ದಿನ ಒದ್ದೆ ಇಟ್ಟರೂ ಒಳ್ಳೆಯದೇ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಅಂಥದ್ದಕ್ಕೆ ಕನಿಷ್ಠ 10 ದಿನ ಬೇಕು ಅಂತ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಗೋಣಿ ಅಥವಾ ಸೋಗೆ ಹೊದಿಸಿ ದಿನಕ್ಕೆ ಮೂರು ಸಲ ನೀರು. ಆದರೆ ಲೇಟೆಕ್ಸ್ ಬೆರೆಸಿದ ಪದರಕ್ಕೆ ಒಂದೆರಡು ದಿನ ಒದ್ದೆ, ಆಮೇಲೆ ಒಣಗಲು ಬಿಡಬೇಕು. ಒಣಗಿದರೆ ಮಾತ್ರ ಒಳಗಿನ ಲೇಟೆಕ್ಸ್ ಪೊರೆಯಾಗಿ ಹಿಡಿಯುವುದು. ವಾರಗಟ್ಟಲೆ ನೀರು ನಿಲ್ಲಿಸಿದರೆ ನೀವೇ ಅದನ್ನು ಕೆಡಿಸಿದ ಹಾಗೆ. ಅಡಿಕೆ ಮೂಟೆಯ ಪಿಕ್‌ಅಪ್ಪನ್ನು ಹೊಸ ಕಾಂಕ್ರೀಟಿನ ಮೇಲೆ ನಾಲ್ಕು ವಾರ ಹತ್ತಿಸಬೇಡಿ.

ಕೊನೆಗೆ ನಾವು ಮಾಡಿದ್ದು

ಮೊದಲು ಮಾಡಿನ ಅಂಚಿಗೆ ನೀರು ಹಿಡಿದು ಆಚೆ ಹರಿಸುವ ದಂಬೆ ಕಟ್ಟಿದೆವು. ನೀರು ಬೀಳುವುದು ನಿಲ್ಲದೆ ಆ ಗೆರೆಗೆ ಏನು ಹಾಕಿದರೂ ಮತ್ತೆ ಗೆರೆಯೇ. ಆಮೇಲೆ ಆ ಒಂದು ಗೇಣು ಪಟ್ಟಿಯನ್ನು ಎರಡು ಇಂಚು ಆಳಕ್ಕೆ ಕಡಿದು ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿದೆವು. ಹಟ್ಟಿಯ ಮೂಲೆಯನ್ನು ಒಡೆದು ಹೊಸದಾಗಿ ಹಾಕಿದೆವು, ಅಡಿಯಲ್ಲಿ ಹೆಗ್ಗಣದ ಅರಮನೆಯೇ ಇತ್ತು, ಎಂಟು ಬುಟ್ಟಿ ಮುರಕಲ್ಲಿನ ಚೂರು ತುಂಬಿತು. ಅಡಿಕೆ ಹರಡುವ ನಡುವಿನ ಜಾಗಕ್ಕೆ ಲೇಟೆಕ್ಸ್ ಪದರ. ಎಲ್ಲ ಸೇರಿ ಒಂಬತ್ತು ಮೂಟೆ. ಕೂಲಿಯಲ್ಲಿ ಹೆಚ್ಚಿನ ಪಾಲು ಕೆತ್ತಿ ತಿಕ್ಕಿ ತೊಳೆಯಲು ಹೋಯಿತು.

ಮೂರು ಮಳೆಗಾಲ ಆಯಿತು. ಕಳೆದ ತಿಂಗಳು ಮತ್ತೆ ಸುತ್ತಿಗೆ ಹಿಡಿದು ಕುಟ್ಟಿದೆ. ಹೊಸ ಮೂಲೆ ಮತ್ತು ಹಳೆಯ ಅಂಗಳ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿದೆ, ಅಲ್ಲಿ ಸಂದು ಬಿಡುವುದನ್ನು ನಾನು ಮರೆತಿದ್ದೆ. ಗೇಟಿನ ಬದಿಯಲ್ಲಿ ಒಂದು ತಟ್ಟೆಯಷ್ಟು ಜಾಗ ಟೊಳ್ಳು ಅನ್ನುತ್ತದೆ. ಅದು ಸಂಜೆ ಮಳೆ ಬಂದಾಗ ಅವಸರದಲ್ಲಿ ಒಣ ಗಂಜಿಯ ಮೇಲೆ ಹಾಕಿದ ಜಾಗ, ನನಗೆ ನೆನಪಿದೆ. ಸೀಮೆಸುಣ್ಣದಲ್ಲಿ ವೃತ್ತ ಹಾಕಿ ಇಟ್ಟಿದ್ದೇನೆ. ತುಳಸಿಕಟ್ಟೆಯ ಸುತ್ತ ಮಾತ್ರ ಏನೂ ಹಾಕಿಸಲಿಲ್ಲ. ಅಲ್ಲಿ ಅಮ್ಮ ಈಗಲೂ ಸೆಗಣಿ ಸಾರಿಸುತ್ತಾರೆ.